ನಿವೃತ್ತರಿಗೆ ಕ್ರೆಡಿಟ್ ಕಾರ್ಡ್: ಯಾವುದು, ಎಷ್ಟು, ಯಾರ ಹೆಸರಿಗೆ?

(ಮೈಸೂರಿನ ಕುವೆಂಪುನಗರದಲ್ಲಿ ನಿವೃತ್ತ ನೌಕರರ ಬಳಗವೊಂದರ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ನಡುನಡುವೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ವಿಷಯದ ಬಗ್ಗೆ ಮಾತಾಡಬೇಕು ಅಂತ ಕೇಳಿದಾಗ ಕಾರ್ಯದರ್ಶಿಗಳು ಒಂದು ಮಾತು ಸೇರಿಸಿದ್ದರು: "ಯಾವ ಕಾರ್ಡ್ ಒಳ್ಳೇದು ಅಂತ ಒಂದು ಹೆಸರು ಹೇಳಿಬಿಡಿ ಸಾರ್, ಎಲ್ಲರೂ ಬರ್ಕೋತಾರೆ." ಹೆಸರು ಹೇಳೋದೇನೂ ಕಷ್ಟವಲ್ಲ. ಆದರೆ ಬ್ಯಾಂಕುಗಳು ಕಾರ್ಡಿನ ಸವಲತ್ತುಗಳನ್ನು ಆಗಾಗ ಬದಲಿಸುತ್ತವೆ. ಇವತ್ತು ನಾನು ಹೇಳಿದ ಹೆಸರು ಬರುವ ಯುಗಾದಿಯ ಹೊತ್ತಿಗೆ ಕೆಲಸಕ್ಕೆ ಬಾರದೆ ಹೋಗಬಹುದು. ಆರಿಸುವುದು ಹೇಗೆ ಅನ್ನೋದನ್ನು ಹೇಳುತ್ತೇನೆ. ಹೆಸರನ್ನು ನೀವೇ ಬರೆದುಕೊಳ್ಳುವಿರಂತೆ.

ಬ್ಯಾಂಕಿನ ಕೌಂಟರಿನ ಆ ಕಡೆ ಕೂತು ನನ್ನ ನೌಕರಿ ಕಳೆಯಿತು. ಕಾರ್ಡ್ ಕೇಳಲು ಬಂದವರು ಹೆಚ್ಚಾಗಿ ಕೇಳುತ್ತಿದ್ದದ್ದು "ಇದರಲ್ಲಿ ಏನೇನು ಸಿಗುತ್ತೆ?" ಅಂತ. ವಿಮಾನ ನಿಲ್ದಾಣದ ಲೌಂಜು, ಸಿನಿಮಾ ಟಿಕೆಟ್ಟು, ರಿವಾರ್ಡ್ ಪಾಯಿಂಟು. ಮೂವತ್ತೈದರ ಹುಡುಗನಿಗೆ ಅದು ಸರಿಯಾದ ಪ್ರಶ್ನೆಯೇ. ಪಿಂಚಣಿ ಮೇಲೆ ಬದುಕುವವರು ಬೇರೆ ಕಡೆಯಿಂದ ಹೊರಡಬೇಕು. ಈ ಮನೆಗೆ ಒಂದು ಕೆಟ್ಟ ದಿನ ಬಂದಾಗ ಈ ಕಾರ್ಡ್ ಏನು ಮಾಡುತ್ತದೆ? ಆಸ್ಪತ್ರೆಗೆ ಓಡಬೇಕಾದ ರಾತ್ರಿ, ಯಾವನೋ ಕಳ್ಳ ಖಾತೆಗೆ ಕೈ ಹಾಕಿದ ದಿನ, ಕಾರ್ಡ್ ಯಾರ ಹೆಸರಲ್ಲಿದೆಯೋ ಅವರೇ ಇಲ್ಲವಾದ ದಿನ. ಒಳ್ಳೆಯ ದಿನಗಳಿಗೆ ನಮಗೆ ಕಾರ್ಡ್ ಬೇಕಾಗಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಸೊಪ್ಪು ಕೊಳ್ಳಲು ಚಿಲ್ಲರೆ ಸಾಕು.

ಮೊದಲು ಬಾಗಿಲ ವಿಷಯ, ಅಂದರೆ ಕಾರ್ಡ್ ಸಿಗುವ ದಾರಿ. ಕರ್ನಾಟಕ ಸರ್ಕಾರದ ನೌಕರರು 60ಕ್ಕೆ ನಿವೃತ್ತರಾಗುತ್ತೇವೆ. ಹಲವು ಕಾರ್ಡ್ ಕಂಪನಿಗಳು ಹೊಸ ಅರ್ಜಿಗೆ ವಯಸ್ಸಿನ ಮಿತಿ ಇಟ್ಟಿವೆ. ಕೆಲವು ಕಡೆ 60, ಕೆಲವು ಕಡೆ 65. ತಮಾಷೆ ನೋಡಿ. ನಾಳೆ ಕೆಲಸ ಹೋಗಬಹುದಾದ ಕಂಪನಿಯ ಹುಡುಗನಿಗೆ ಹತ್ತು ನಿಮಿಷದಲ್ಲಿ ಫೋನಿನಲ್ಲೇ ಕಾರ್ಡ್ ಮಂಜೂರಾಗುತ್ತದೆ. ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಟ್ಟರೆ ಸಾಕು, ವರ್ಷಪೂರ್ತಿ ತಪ್ಪದೆ ಪಿಂಚಣಿ ಬರುವ ನಮಗೆ "ವಯಸ್ಸಾಯ್ತು" ಅನ್ನುತ್ತಾರೆ. ಆದ್ದರಿಂದ ನಿವೃತ್ತಿಗೆ ಇನ್ನೂ ಆರು ತಿಂಗಳೋ ವರ್ಷವೋ ಇರುವವರು ಇಲ್ಲಿದ್ದರೆ, ಸಂಬಳದ ಚೀಟಿ ಕೈಯಲ್ಲಿರುವಾಗಲೇ ಅರ್ಜಿ ಹಾಕಿ. ಆಗ ಸಿಕ್ಕ ಕಾರ್ಡ್ ಸಾಮಾನ್ಯವಾಗಿ ಮುಂದಕ್ಕೂ ನವೀಕರಣವಾಗುತ್ತಾ ಹೋಗುತ್ತದೆ. ನಿವೃತ್ತರಾದ ಮೇಲೆ ಅರ್ಜಿ ಹಾಕಿ ತಿರಸ್ಕೃತವಾದರೆ, ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಕಾರಣ ಕೊಡಲೇಬೇಕು. "ಸಿಸ್ಟಮ್ ತಗೊಳ್ತಾ ಇಲ್ಲ ಸಾರ್" ಅನ್ನೋದು ಕಾರಣವಲ್ಲ.

ಪಿಂಚಣಿ ಬರುವ ಬ್ಯಾಂಕಿನಲ್ಲೇ ಕೇಳುವುದು ಮೊದಲ ದಾರಿ. ತಿಂಗಳು ತಿಂಗಳು ಎಷ್ಟು ಬರುತ್ತದೆ ಅಂತ ಅವರಿಗೆ ಗೊತ್ತು, ಕಾಗದಪತ್ರದ ಗೋಳು ಕಡಿಮೆ. ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ. ನಮ್ಮಲ್ಲಿ ಅನೇಕರ ಪಿಂಚಣಿ ಮೊದಲು ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿಗೆ ಬರುತ್ತಿತ್ತು, 2017ರ ಏಪ್ರಿಲ್‌ನಿಂದ ಅದು ಎಸ್‌ಬಿಐ ಆಯಿತು. ಎಸ್‌ಬಿಐ ಹೆಸರಿನ ಕ್ರೆಡಿಟ್ ಕಾರ್ಡ್ ಕೊಡುವುದು ಎಸ್‌ಬಿಐ ಕಾರ್ಡ್ ಅನ್ನುವ ಬೇರೆಯದೇ ಕಂಪನಿ. ಬ್ಯಾಂಕ್ ಆಫ್ ಬರೋಡಾದ ಕಾರ್ಡ್ ಕೊಡುವುದೂ ಅದರದೇ ಅಂಗಸಂಸ್ಥೆ. ಕೆನರಾ ಬ್ಯಾಂಕಿನಂಥವು ತಾವೇ ಕೊಡುತ್ತವೆ. ಇದರಿಂದ ನಮಗೇನು ಅಂತ ಕೇಳಬಹುದು. ಬಿಲ್ಲಿನಲ್ಲಿ ಏನಾದರೂ ತಪ್ಪು ಬಂದು ನೀವು ಪಾಸ್‌ಬುಕ್ ಹಿಡಿದು ಬಸ್ಸು ಹತ್ತಿ ಶಾಖೆಗೆ ಹೋದರೆ, "ಇದು ನಮ್ಮದಲ್ಲ, ಕಾರ್ಡ್ ಹಿಂದೆ ಇರೋ ನಂಬರಿಗೆ ಫೋನ್ ಮಾಡಿ" ಅನ್ನುವ ಉತ್ತರ ಬರುವುದು ಇದೇ ಕಾರಣಕ್ಕೆ. ಫೋನಿನಲ್ಲಿ ಒಂದನ್ನೊತ್ತಿ ಎರಡನ್ನೊತ್ತಿ ಅನ್ನುವುದರ ಜೊತೆ ಏಗಲು ಆಗದವರು, ಮನುಷ್ಯರ ಮುಖ ನೋಡಿ ಮಾತಾಡಬೇಕು ಅನ್ನುವವರು, ಅರ್ಜಿಗೆ ಮುಂಚೆ ಇದೊಂದನ್ನು ಶಾಖೆಯಲ್ಲೇ ಕೇಳಿಕೊಳ್ಳಿ: ತಕರಾರು ಬಂದರೆ ನೀವು ತಗೋತೀರಾ?

ಎರಡನೆಯ ದಾರಿ ಎಫ್‌ಡಿ ಆಧಾರದ ಕಾರ್ಡ್. ಒಂದು ಠೇವಣಿಯನ್ನು ಬ್ಯಾಂಕಿನಲ್ಲಿ ಒತ್ತೆ ಇಟ್ಟರೆ ಅದರ ಮುಕ್ಕಾಲು ಭಾಗವೋ ಇನ್ನೂ ಸ್ವಲ್ಪ ಹೆಚ್ಚೋ ಲಿಮಿಟ್ (ಖರ್ಚಿನ ಮಿತಿ) ಇರುವ ಕಾರ್ಡ್ ಕೊಡುತ್ತಾರೆ. ಸಂಬಳದ ಚೀಟಿ ಕೇಳುವುದಿಲ್ಲ, ಸಾಲ ತೀರಿಸಿದ ದಾಖಲೆ ನೋಡಿ ಕೊಡುವ ಸಿಬಿಲ್ ಅಂಕ ಇಲ್ಲದಿದ್ದರೂ ನಡೆಯುತ್ತದೆ, ವಯಸ್ಸಿನ ಕಟ್ಟುನಿಟ್ಟು ಬಹುತೇಕ ಕಡಿಮೆ. ಠೇವಣಿಗೆ ಹಿರಿಯ ನಾಗರಿಕರ ಬಡ್ಡಿ ಬರುತ್ತಲೇ ಇರುತ್ತದೆ. ಖಾಸಗಿ ಕಾರ್ಖಾನೆಯಲ್ಲಿ ದುಡಿದು ಇಪಿಎಸ್ (ನೌಕರರ ಪಿಂಚಣಿ ಯೋಜನೆ) ಪಿಂಚಣಿ ತೆಗೆದುಕೊಳ್ಳುವವರ ಸ್ಥಿತಿ ನಿಮಗೆ ಗೊತ್ತೇ ಇದೆ. ಅಲ್ಲಿ ಕನಿಷ್ಠ ಪಿಂಚಣಿ 2014ರಿಂದ ತಿಂಗಳಿಗೆ 1,000 ರೂಪಾಯಿ. ಆ ಆದಾಯ ತೋರಿಸಿ ಯಾರೂ ಕಾರ್ಡ್ ಕೊಡುವುದಿಲ್ಲ. ಅಂಥವರಿಗೆ ಇರುವುದು ಇದೊಂದೇ ಬಾಗಿಲು, ಮತ್ತು ಅದು ಕೆಟ್ಟ ಬಾಗಿಲೇನೂ ಅಲ್ಲ.

ಒಂದೇ ಎಚ್ಚರಿಕೆ. ಇರುವ ದೊಡ್ಡ ಠೇವಣಿಯನ್ನು ಇದಕ್ಕೆ ಒತ್ತೆ ಇಡಬೇಡಿ. ಒತ್ತೆ ಇದ್ದಷ್ಟು ದಿನ ಅದನ್ನು ಮುರಿಸಲು ಬರುವುದಿಲ್ಲ. ನೀವು ಬಿಲ್ಲು ಕಟ್ಟದಿದ್ದರೆ ಬ್ಯಾಂಕು ಅದರಲ್ಲೇ ಮುರಿದುಕೊಳ್ಳುತ್ತದೆ. ಇದಕ್ಕೆಂದೇ ಬೇರೆ ಚಿಕ್ಕ ಠೇವಣಿ ಮಾಡಿ. ಅಂಚೆ ಕಚೇರಿಯ ಠೇವಣಿ, ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಹಣ ಇದಕ್ಕೆ ಆಗುವುದಿಲ್ಲ. ಕಾರ್ಡ್ ಕೊಡುವ ಬ್ಯಾಂಕಿನ ಎಫ್‌ಡಿಯೇ ಆಗಬೇಕು.

ಇನ್ನು ಖರ್ಚಿನ ಲೆಕ್ಕ. ನಾವು ಚಿಕ್ಕವರಿದ್ದಾಗ ಶೆಟ್ಟರ ಅಂಗಡಿಯಲ್ಲಿ ತಿಂಗಳಿಡೀ ಬರೆಸಿ ದಿನಸಿ ತರುತ್ತಿದ್ದೆವು, ಸಂಬಳ ಬಂದ ದಿನ ಚುಕ್ತಾ ಮಾಡುತ್ತಿದ್ದೆವು. ಕ್ರೆಡಿಟ್ ಕಾರ್ಡೂ ಅಷ್ಟೇ. ವ್ಯತ್ಯಾಸ ಒಂದೇ. ಅರ್ಧ ದುಡ್ಡು ಕೊಟ್ಟರೆ ಶೆಟ್ಟರು ಮುಖ ಸಿಂಡರಿಸುತ್ತಿದ್ದರು, ಕಾರ್ಡ್ ಕಂಪನಿ ಖುಷಿಪಡುತ್ತದೆ.

ಆ ಖುಷಿ ಎಷ್ಟು ಅಂತ ಒಂದು ಬಿಲ್ಲು ಬಿಡಿಸಿ ನೋಡೋಣ. ಬಿಲ್ಲಿನಲ್ಲಿ ದಪ್ಪಕ್ಷರದಲ್ಲಿ ಎರಡು ಮೊತ್ತ ಇರುತ್ತವೆ. ಒಂದು, ಟೋಟಲ್ ಅಮೌಂಟ್ ಡ್ಯೂ. ಇನ್ನೊಂದು, ಮಿನಿಮಮ್ ಅಮೌಂಟ್ ಡ್ಯೂ. ಒಟ್ಟು 40,000 ರೂಪಾಯಿ ಬಾಕಿ ಇದೆ, ಕನಿಷ್ಠ ಮೊತ್ತ ಅದರ 5 ಪರ್ಸೆಂಟ್ ಅಂದರೆ 2,000 ಅಂತ ಇಟ್ಟುಕೊಳ್ಳಿ. "ಎರಡೇ ಸಾವಿರ, ಕಟ್ಟಿಬಿಡೋಣ, ಉಳಿದದ್ದು ಆಮೇಲೆ" ಅನಿಸುತ್ತದೆ. ಬಡ್ಡಿ ತಿಂಗಳಿಗೆ 3.5 ಪರ್ಸೆಂಟ್. ವರ್ಷಕ್ಕೆ ಅಂದರೆ 42. ತಿಂಗಳ ಬಡ್ಡಿ 1,400 ರೂಪಾಯಿ. ಬಡ್ಡಿಯ ಮೇಲೆ ಜಿಎಸ್‌ಟಿ 18 ಪರ್ಸೆಂಟ್, 252 ರೂಪಾಯಿ. ಎರಡೂ ಸೇರಿ 1,652. ನೀವು ಕಟ್ಟಿದ 2,000ದಲ್ಲಿ ಅಸಲಿಗೆ ಹೋದದ್ದು 348 ರೂಪಾಯಿ! ಇದೇ ರೀತಿ ವರ್ಷವಿಡೀ ಕನಿಷ್ಠ ಮೊತ್ತವನ್ನೇ ಕಟ್ಟುತ್ತಾ ಹೋದರೆ, ಹೊಸದಾಗಿ ಒಂದು ಪೈಸೆ ಖರ್ಚು ಮಾಡದಿದ್ದರೂ, ಸುಮಾರು 22,900 ರೂಪಾಯಿ ಕಟ್ಟಿದ ಮೇಲೂ 36,000 ಬಾಕಿ ಉಳಿದಿರುತ್ತದೆ.

ಮುಂದಿನ ಸಾಲಿನಲ್ಲಿ ಕೂತಿರುವ ಮೇಷ್ಟ್ರು "ಇಷ್ಟು ಬಡ್ಡಿಗೆ ಕಾನೂನಿನ ಮಿತಿ ಇಲ್ಲವೇ?" ಅಂತ ಕೇಳಿದರು. ಒಂದು ಕಾಲಕ್ಕೆ ಇತ್ತು ಅನ್ನಬಹುದು. ವರ್ಷಕ್ಕೆ 30 ಪರ್ಸೆಂಟ್ ದಾಟಿದರೆ ಅದು ಅನುಚಿತ ವ್ಯಾಪಾರ ಪದ್ಧತಿ ಅಂತ 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಈಗ ಮಿತಿ ಹಾಕಿಕೊಳ್ಳಬೇಕಾದವರು ನಾವೇ.

ಇನ್ನೊಂದು ಗುಟ್ಟು, ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. 40,000ದಲ್ಲಿ 39,000 ಕಟ್ಟಿ ಸಾವಿರ ಉಳಿಸಿಕೊಂಡರೆ ಬಡ್ಡಿ ಬರೀ ಸಾವಿರಕ್ಕೆ ಅಂದುಕೊಳ್ಳುತ್ತೇವೆ. ಹಾಗಲ್ಲ. ಹಳೆಯ ಬಾಕಿ ಒಂದಿಷ್ಟು ಉಳಿದರೂ, ಖರೀದಿಸಿದ ದಿನದಿಂದ ಗಡುವಿನವರೆಗೆ ಸಿಗುವ ಬಡ್ಡಿಯಿಲ್ಲದ ಅವಧಿಯೇ ತಪ್ಪಿಹೋಗುತ್ತದೆ. ಹಿಂದಿನ ಖರೀದಿಗಳಿಗೆ ಖರೀದಿಸಿದ ದಿನದಿಂದ ಲೆಕ್ಕ ಹಾಕುತ್ತಾರೆ, ಹೊಸ ಖರೀದಿಗೆ ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನೋಟು ತೆಗೆದರೂ ಇದೇ ಕಥೆ, ಜೊತೆಗೆ ಬೇರೆ ಶುಲ್ಕ. ಆ ಕೆಲಸ ಮಾಡಲೇಬೇಡಿ.

ಹಾಗಾದರೆ ಪೂರ್ತಿ ಕಟ್ಟುವುದು ತಪ್ಪದಂತೆ ನೋಡಿಕೊಳ್ಳುವುದು ಹೇಗೆ? ಗಡುವಿನ ದಿನಾಂಕವನ್ನು ಪಿಂಚಣಿಗೆ ಹೊಂದಿಸಿಕೊಳ್ಳಬೇಕು. ಕೇಂದ್ರದ ಪಿಂಚಣಿ ತಿಂಗಳ ಕೊನೆಯ ಕೆಲಸದ ದಿನ ಬರುತ್ತದೆ, ಮಾರ್ಚ್ ತಿಂಗಳದು ಮಾತ್ರ ಏಪ್ರಿಲ್‌ನ ಮೊದಲ ಕೆಲಸದ ದಿನ. ಗಡುವು 28ನೇ ತಾರೀಕಿಗೆ ಬಿದ್ದರೆ ಖಾತೆ ಬರಿದಾಗಿರುವ ಹೊತ್ತಿಗೆ ಬಿಲ್ಲು ಬಂದು ನಿಲ್ಲುತ್ತದೆ. ಅದು 10ರ ಆಸುಪಾಸಿಗೆ ಬರಲಿ. ಅದಕ್ಕೆ ಬಿಲ್ಲು ತಯಾರಾಗುವ ದಿನ ಹಿಂದಿನ ತಿಂಗಳ 20ರ ಸುತ್ತ ಇರಬೇಕು. ಈ ದಿನಾಂಕವನ್ನು ಕಡೇಪಕ್ಷ ಒಂದು ಸಲ ಬದಲಿಸಿಕೊಳ್ಳುವ ಹಕ್ಕು ನಮಗಿದೆ. ಕೇಳಿದವರಿಗೆ ಮಾಡಿಕೊಡುತ್ತಾರೆ, ಕೇಳದವರಿಗೆ ತಾವಾಗಿ ಹೇಳುವುದಿಲ್ಲ.

ಆಮೇಲೆ ಖಾತೆಯಿಂದ ತಾನಾಗಿ ಕಡಿತವಾಗುವ ವ್ಯವಸ್ಥೆ, ಆಟೋ ಡೆಬಿಟ್. ಮರೆವು ಬರುವ ವಯಸ್ಸಿಗೆ ಅದು ಬೇಕೇ ಬೇಕು. ಆದರೆ ಆ ಫಾರಂನಲ್ಲಿ ಎರಡು ಚೌಕ ಇರುತ್ತವೆ, ಕನಿಷ್ಠ ಮೊತ್ತ ಕಡಿತಗೊಳಿಸಿ ಅಂತ ಒಂದು, ಪೂರ್ತಿ ಮೊತ್ತ ಅಂತ ಇನ್ನೊಂದು. ತುಂಬಿಸಿಕೊಡುವ ಹುಡುಗ ಯಾವುದಕ್ಕೆ ಗುರುತು ಹಾಕಿದ ಅಂತ ಕನ್ನಡಕ ಹಾಕಿಕೊಂಡು ನೋಡಿ. ನನ್ನ ಹತ್ತಿರದ ಬಂಧು ಒಬ್ಬರಿಗೆ ಹೀಗೇ ಕನಿಷ್ಠ ಮೊತ್ತಕ್ಕೆ ಗುರುತು ಬಿದ್ದಿತ್ತು. "ಪ್ರತಿ ತಿಂಗಳೂ ಕಟ್ ಆಗ್ತಾ ಇದೆಯಲ್ಲ" ಅಂತ ಅವರು ನಿಶ್ಚಿಂತೆಯಿಂದ ಇದ್ದರು. ಬಿಲ್ಲು ತೆರೆದು ನೋಡುವ ಅಭ್ಯಾಸ ಇರಲಿಲ್ಲ.

ಪಿಂಚಣಿಯನ್ನು ಯಾರೂ ಜಪ್ತಿ ಮಾಡಲಾಗದು ಎಂಬ ಧೈರ್ಯ ಕೆಲವರಿಗಿದೆ. ಕೋರ್ಟಿನ ಮಟ್ಟಿಗೆ ಅದು ನಿಜ. ಸರ್ಕಾರ ಕೊಡುವ ಪಿಂಚಣಿಗೆ 1871ರ ಪಿಂಚಣಿ ಕಾಯ್ದೆಯ ರಕ್ಷಣೆ ಇದೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ ರಕ್ಷಣೆಯೂ ಇದೆ. ಆದರೆ ಆಟೋ ಡೆಬಿಟ್ ಜಪ್ತಿಯಲ್ಲ. ನೀವೇ ಸಹಿ ಹಾಕಿ ಕೊಟ್ಟ ಅಪ್ಪಣೆ. ಅದರ ಎದುರು ಕಾಯ್ದೆ ನೆರವಿಗೆ ಬರುವುದಿಲ್ಲ.

ಈಗ ಆ ಕೆಟ್ಟ ರಾತ್ರಿಯ ಮಾತು. ರಾತ್ರಿ ಹನ್ನೊಂದಕ್ಕೆ ಎದೆನೋವು ಅಂತ ಕರೆದುಕೊಂಡು ಹೋಗುತ್ತೀರಿ. ತುರ್ತು ಚಿಕಿತ್ಸೆಯ ಬಾಗಿಲಲ್ಲಿ ಸ್ಟ್ರೆಚರ್ ಒಳಗೆ ಹೋಯಿತು, ನಿಮ್ಮನ್ನು ಬಿಲ್ಲಿಂಗ್ ಕೌಂಟರಿಗೆ ಕಳಿಸಿದರು. ಆರೋಗ್ಯ ವಿಮೆ ಇದೆ ಅಂದಿರಿ. ವಿಮಾ ಪ್ರಾಧಿಕಾರದ 2024ರ ನಿಯಮದ ಪ್ರಕಾರ ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯಲ್ಲಿ ವಿಮಾ ಕಂಪನಿ ಉತ್ತರ ಕೊಡಬೇಕು. ಕಿಟಕಿಯ ಆಚೆ ಇರುವವರು "ಅಪ್ರೂವಲ್ ಬರಲಿ ಸಾರ್, ಅಲ್ಲೀವರೆಗೆ ಐವತ್ತು ಸಾವಿರ ಡಿಪಾಸಿಟ್ ಕಟ್ಟಿ" ಅನ್ನುತ್ತಾರೆ. ಬಹಳ ಡೆಬಿಟ್ ಕಾರ್ಡುಗಳಿಗೆ ಎಟಿಎಂ ದಿನಕ್ಕೆ ಅಷ್ಟು ಕೊಡುವುದಿಲ್ಲ. ಮಗಳು ಬೆಂಗಳೂರಿನಲ್ಲಿ ಫೋನ್ ಸೈಲೆಂಟ್‌ನಲ್ಲಿಟ್ಟು ಮಲಗಿದ್ದಾಳೆ. ಆ ಹೊತ್ತಿಗೆ ಕಾರ್ಡ್ ಇರಬೇಕು, ಅದರ ಪಿನ್ ನಿಮಗೂ ನಿಮ್ಮ ಮನೆಯವರಿಗೂ ಗೊತ್ತಿರಬೇಕು. (ಪಿನ್ ಯಾರಿಗೂ ಹೇಳಬಾರದು ಅಂತ ಬ್ಯಾಂಕಿನವನಾದ ನಾನು ಹೇಳಬೇಕು. ಸ್ಟ್ರೆಚರ್ ಮೇಲೆ ಮಲಗಿರುವವರು ಪಿನ್ ಒತ್ತಲಾರರು ಅಂತ ಗಂಡನಾದ ನಾನು ಹೇಳುತ್ತೇನೆ. ಇಬ್ಬರ ಕೈಯಲ್ಲೂ ಒಂದೊಂದು ಕಾರ್ಡ್ ಇರುವುದು ಇದಕ್ಕೆ ಸರಿಯಾದ ಪರಿಹಾರ, ಅದಕ್ಕೆ ಆಮೇಲೆ ಬರುತ್ತೇನೆ.)

ಇದಕ್ಕಾಗಿಯೇ ಲಿಮಿಟ್ ತೀರಾ ಕಡಿಮೆ ಇರಬಾರದು. ಆಸ್ಪತ್ರೆಯ ಡಿಪಾಸಿಟ್ಟಿಗೆ ಸಾಲುವಷ್ಟು, ಒಂದು ಒಂದೂವರೆ ಲಕ್ಷ ಇರಲಿ ಎಂಬುದು ನನ್ನ ಅಭಿಪ್ರಾಯ. "ಅಷ್ಟು ಲಿಮಿಟ್ ಇದ್ದರೆ ಕಳ್ಳರಿಗೂ ಅಷ್ಟೇ ಸಿಗುತ್ತಲ್ಲ?" ಅಂತ ಹಿಂದಿನಿಂದ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಕಾರ್ಡಿನ ಆ್ಯಪ್ ತೆರೆದರೆ ಅಲ್ಲಿ ಬೇರೆ ಬೇರೆ ಗುಂಡಿಗಳಿರುತ್ತವೆ: ಅಂಗಡಿಯ ಯಂತ್ರದಲ್ಲಿ ಉಜ್ಜುವುದು, ಆನ್‌ಲೈನ್ ಖರೀದಿ, ಎಟಿಎಂ, ತಾಗಿಸಿ ಪಾವತಿಸುವುದು, ವಿದೇಶದ ವ್ಯವಹಾರ. ಪ್ರತಿಯೊಂದಕ್ಕೂ ಬೇರೆ ಮಿತಿ ಹಾಕಬಹುದು. 2020ರಿಂದ ಹೊಸ ಕಾರ್ಡುಗಳಲ್ಲಿ ಆನ್‌ಲೈನ್ ಮತ್ತು ವಿದೇಶದ ಬಾಗಿಲುಗಳು ಮುಚ್ಚಿಯೇ ಬರುತ್ತವೆ, ನಾವು ತೆರೆದರೆ ಮಾತ್ರ ತೆರೆಯುತ್ತವೆ. ವಿದೇಶದ್ದನ್ನು ಮುಚ್ಚಿಯೇ ಇಡಿ. ಆನ್‌ಲೈನ್‌ಗೆ ಐದು ಸಾವಿರ ಹಾಕಿ. ತಾಗಿಸಿ ಪಾವತಿ 5,000ದವರೆಗೆ ಪಿನ್ ಇಲ್ಲದೆ ಹೋಗುತ್ತದೆ, ಬೇಡವಾದರೆ ಮುಚ್ಚಿ. ಚಿಪ್ ಹಾಕಿ ಪಿನ್ ಒತ್ತುವ ಬಾಗಿಲಿಗೆ ಮಾತ್ರ ಪೂರ್ತಿ ಲಿಮಿಟ್ ಬಿಡಿ. ಆಸ್ಪತ್ರೆ ಕೌಂಟರಿನಲ್ಲಿ ಬೇಕಾಗುವುದು ಅದೇ. ನಮ್ಮ ದುಡ್ಡು ಕದಿಯುವವರು ಸಾಮಾನ್ಯವಾಗಿ ಬರುವುದು ಬೇರೆ ಬಾಗಿಲುಗಳಿಂದ.

ಆಸ್ಪತ್ರೆಯ ಬಿಲ್ಲು ದೊಡ್ಡದಾಗಿ, ಗಡುವಿನೊಳಗೆ ಪೂರ್ತಿ ಕಟ್ಟಲಾಗದು ಅನ್ನುವುದು ಖಚಿತವಾದರೆ, ಕನಿಷ್ಠ ಮೊತ್ತದ ದಾರಿ ಹಿಡಿಯಬೇಡಿ. ಕಾರ್ಡಿನ ಬಾಕಿಯನ್ನು ಕಂತುಗಳಾಗಿ ಬದಲಿಸಬಹುದು, ಬಡ್ಡಿ 42ಕ್ಕಿಂತ ಬಹಳ ಕಡಿಮೆ. ಅದಕ್ಕಿಂತ ಅಗ್ಗದ್ದು, ಮನೆಯಲ್ಲಿರುವ ಎಫ್‌ಡಿ ಮೇಲೆ ಸಾಲ ತೆಗೆದು ಕಾರ್ಡ್ ಬಾಕಿ ತೀರಿಸುವುದು. ಎಫ್‌ಡಿಗೆ ಬರುವ ಬಡ್ಡಿಗಿಂತ ಒಂದೆರಡು ಪರ್ಸೆಂಟ್ ಹೆಚ್ಚು ಕೊಟ್ಟರೆ ಆಯಿತು. ಆ ರಾತ್ರಿಗೆ ಕಾರ್ಡ್, ತಿಂಗಳು ತಿರುಗುವುದರೊಳಗೆ ಎಫ್‌ಡಿ ಸಾಲ. ಹೀಗೆ ನಡೆಸಿದವರನ್ನು ಕಾರ್ಡ್ ಮುಳುಗಿಸಿದ್ದನ್ನು ನಾನು ನೋಡಿಲ್ಲ.

ಕಳ್ಳರ ವಿಷಯಕ್ಕೆ ಬಂದೆವಲ್ಲ, ಅದನ್ನು ಮುಗಿಸುತ್ತೇನೆ. ಡೆಬಿಟ್ ಕಾರ್ಡಿನಲ್ಲಿ ಮೋಸವಾದರೆ ಹೋಗುವುದು ನಿಮ್ಮ ಖಾತೆಯ ಹಣ. ಔಷಧಿಗೆ ಇಟ್ಟ ಪಿಂಚಣಿಯೇ ಹೋಗಿರುತ್ತದೆ, ವಾಪಸು ಬರುವವರೆಗೆ ಅಲೆಯಬೇಕು. ಕ್ರೆಡಿಟ್ ಕಾರ್ಡಿನಲ್ಲಿ ಮೋಸವಾದರೆ ಖಾತೆಯ ಹಣ ಅಲ್ಲೇ ಇರುತ್ತದೆ; ಬಿಲ್ಲಿನಲ್ಲಿ ಬಂದದ್ದನ್ನು ತಕರಾರು ಮಾಡುತ್ತೀರಿ. ಹಿರಿಯರಿಗೆ ಕಾರ್ಡಿನಿಂದ ಆಗುವ ದೊಡ್ಡ ಉಪಕಾರ ಇದೇ ಅಂತ ನಾನು ತಿಳಿದಿದ್ದೇನೆ. ಪಾಯಿಂಟುಗಳೆಲ್ಲ ಆಮೇಲೆ. ರಿಸರ್ವ್ ಬ್ಯಾಂಕ್ 2017ರಲ್ಲಿ ತಂದ ನಿಯಮ ಹೇಳುವುದು: ನಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಹೊರಗಿನವರಿಂದ ಮೋಸವಾಗಿದ್ದು, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಮ್ಮ ಹೊಣೆ ಸೊನ್ನೆ. ಆದರೆ ಒಟಿಪಿ ನೀವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ. ಆದ್ದರಿಂದ ಒಂದು ನಿಮಿಷವೂ ತಡಮಾಡದೆ ಕಾರ್ಡ್ ಬಂದ್ ಮಾಡಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಚಿಕೆಯಿಂದ ಮಕ್ಕಳಿಗೆ ಹೇಳದೆ ಎರಡು ದಿನ ಕಳೆಯುವವರೇ ಹೆಚ್ಚು, ಅಷ್ಟರಲ್ಲಿ ದುಡ್ಡು ಊರು ಬಿಟ್ಟಿರುತ್ತದೆ. ನವೆಂಬರಿನಲ್ಲಿ "ನಿಮ್ಮ ಲೈಫ್ ಸರ್ಟಿಫಿಕೇಟ್ ಬಾಕಿ ಇದೆ", ಬೇರೆ ತಿಂಗಳಲ್ಲಿ "ನಿಮ್ಮ ರಿವಾರ್ಡ್ ಪಾಯಿಂಟ್ ಇವತ್ತು ರಾತ್ರಿಗೆ ಮುಗಿಯುತ್ತೆ" ಅನ್ನುವ ಕರೆ ಬರುತ್ತದೆ. ದನಿ ಬಹಳ ವಿನಯದ್ದಾಗಿರುತ್ತದೆ.

ಫೋನಿನಲ್ಲಿ ರೂಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದಲ್ಲ ಅಂತ ಕೇಳಿದಿರಿ. 2022ರಿಂದ ಆಗುತ್ತದೆ, ವ್ಯಾಪಾರಿಗಳ ಕ್ಯೂಆರ್‌ಗೆ ಮಾತ್ರ. ಮಗಳಿಗೆ ದುಡ್ಡು ಕಳಿಸಲು ಬರುವುದಿಲ್ಲ. ನನಗೆ ಇದು ಅಷ್ಟು ಇಷ್ಟವಿಲ್ಲ. ಕಾಫಿ, ಹೂವು, ಆಟೋ ಅಂತ ಇಪ್ಪತ್ತು ಮೂವತ್ತು ರೂಪಾಯಿಯ ಸಾಲುಗಳಿಂದ ಬಿಲ್ಲು ನಾಲ್ಕು ಪುಟ ಆಗುತ್ತದೆ, ಅದರ ನಡುವೆ ಕಳ್ಳನ ಒಂದು ಸಾಲು ಸೇರಿಕೊಂಡರೆ ಕಣ್ಣಿಗೆ ಬೀಳುವುದಿಲ್ಲ. ಯುಪಿಐಗೆ ಬೇರೊಂದು ಚಿಕ್ಕ ಉಳಿತಾಯ ಖಾತೆ ಇಟ್ಟು ಅದರಲ್ಲಿ ತಿಂಗಳಿಗೆ ಐದಾರು ಸಾವಿರ ಹಾಕಿಕೊಳ್ಳಿ. ಪಿಂಚಣಿ ಬರುವ ಖಾತೆಯನ್ನು ಯಾವ ಆ್ಯಪಿಗೂ ಜೋಡಿಸಬೇಡಿ.

ಸವಲತ್ತುಗಳ ಬಗ್ಗೆ ಎರಡೇ ಮಾತು. ಬಾಡಿಗೆ, ವಿಮೆ, ವಿದ್ಯುತ್ ಬಿಲ್ಲು, ಪೆಟ್ರೋಲು, ಸರ್ಕಾರಿ ಪಾವತಿ ಇವಕ್ಕೆಲ್ಲ ಪಾಯಿಂಟ್ ಕೊಡುವುದನ್ನು ಬಹಳ ಕಾರ್ಡುಗಳು ನಿಲ್ಲಿಸಿವೆ ಅಥವಾ ಕತ್ತರಿಸಿವೆ. ನಮ್ಮ ಖರ್ಚೆಲ್ಲ ಇರುವುದು ಅಲ್ಲೇ. ವಾರ್ಷಿಕ ಶುಲ್ಕ 499 ಅಂದರೆ ಜಿಎಸ್‌ಟಿ ಸೇರಿ 589. ವರ್ಷಕ್ಕೆ ಲಕ್ಷ ಖರ್ಚು ಮಾಡಿದರೆ ಶುಲ್ಕ ಮಾಫಿ ಅನ್ನುತ್ತಾರೆ, ಅದಕ್ಕಾಗಿ ಬೇಡದ ಮಿಕ್ಸಿ ತರುವವರೂ ಇದ್ದಾರೆ. ಮೊದಲ ವರ್ಷ ಉಚಿತ ಅನ್ನುವುದು ಬೇರೆ, ಜೀವನಪರ್ಯಂತ ಉಚಿತ ಅನ್ನುವುದು ಬೇರೆ. ಅರ್ಜಿಯ ಜೊತೆ ಬಡ್ಡಿ, ಶುಲ್ಕ ಎಲ್ಲ ಬರೆದ ಒಂದು ಪುಟದ ಮುಖ್ಯಾಂಶ ಪತ್ರ ಕೊಡಬೇಕು ಅಂತ ನಿಯಮ ಇದೆ. ಅದನ್ನು ಕೇಳಿ ಪಡೆದು ಆ ಸಾಲನ್ನು ಹುಡುಕಿ. ಕೇಳದೆಯೇ ಕಾರ್ಡ್ ಕಳಿಸಿ ಶುಲ್ಕ ಹಾಕಿದರೆ, ಹಾಕಿದ್ದನ್ನು ವಾಪಸು ಮಾಡಿ ಅದರ ಎರಡರಷ್ಟು ದಂಡವನ್ನೂ ಅವರು ಕೊಡಬೇಕು.

ಈಗ ನಾನು ಹೆಚ್ಚು ಹೇಳಬೇಕೆಂದಿದ್ದ ಭಾಗ. ಯಾರ ಹೆಸರಿಗೆ?

ನಮ್ಮ ತಲೆಮಾರಿನಲ್ಲಿ ಕಾರ್ಡ್ ಯಜಮಾನರ ಹೆಸರಲ್ಲಿ, ಹೆಂಡತಿಗೆ ಅದೇ ಲೆಕ್ಕದ ಮೇಲೆ ಕೊಡುವ ಜೊತೆ ಕಾರ್ಡ್, ಅಂದರೆ ಆಡ್ ಆನ್ ಕಾರ್ಡ್. ಅವರ ಕೈಯಲ್ಲೂ ಪ್ಲಾಸ್ಟಿಕ್ ಇದೆ, ಅದರ ಮೇಲೆ ಅವರ ಹೆಸರೂ ಇದೆ. ಆದರೆ ಲೆಕ್ಕ ಗಂಡನದು, ಹೊಣೆ ಗಂಡನದು. ಗಂಡ ತೀರಿಕೊಂಡ ವಿಷಯ ತಿಳಿಸಿದ ಕೂಡಲೇ ಎರಡೂ ಕಾರ್ಡ್ ಬಂದ್. ಕುಟುಂಬ ಪಿಂಚಣಿ ಅವರ ಹೆಸರಿಗೆ ಬದಲಾಗಲು ಖಜಾನೆ, ಬ್ಯಾಂಕು ಅಂತ ಓಡಾಡುವ ಆ ತಿಂಗಳುಗಳಲ್ಲೇ ಅವರ ಕೈಯಲ್ಲಿ ಏನೂ ಇರುವುದಿಲ್ಲ. ಹೊಸ ಕಾರ್ಡ್ ಕೇಳಿದರೆ "ನಿಮಗೆ ಕ್ರೆಡಿಟ್ ಹಿಸ್ಟರಿಯೇ ಇಲ್ಲ ಮೇಡಂ". ನಲವತ್ತು ವರ್ಷ ಮನೆಯ ಖರ್ಚು ನಿಭಾಯಿಸಿದವರಿಗೆ ಬರುವ ಉತ್ತರ ಇದು! ಇಬ್ಬರೂ ಇರುವಾಗಲೇ ಅವರ ಹೆಸರಲ್ಲಿ ಒಂದು ಎಫ್‌ಡಿ ಮಾಡಿಸಿ, ಅದರ ಮೇಲೆ ಅವರದೇ ಕಾರ್ಡ್ ತೆಗೆಸಿ. ತಿಂಗಳಿಗೊಂದು ಔಷಧಿ ಬಿಲ್ಲು ಅದರಲ್ಲಿ ಹೋಗಲಿ, ಪೂರ್ತಿ ಕಟ್ಟಲಿ, ಪಿನ್ ಅವರೇ ಒತ್ತಲಿ. ಈ ಸಭೆಗೆ ಗಂಡಸರೇ ಹೆಚ್ಚು ಬಂದಿದ್ದೀರಿ, ಮನೆಗೆ ಹೋಗಿ ಇದೊಂದನ್ನಾದರೂ ಹೇಳಿ.

ತೀರಿಕೊಂಡವರ ಕಾರ್ಡ್ ಬಾಕಿ ಏನಾಗುತ್ತದೆ? ಅವರು ಬಿಟ್ಟುಹೋದ ಆಸ್ತಿಯಿಂದ, ವಾರಸುದಾರರಿಗೆ ಬಂದಷ್ಟರ ಮಟ್ಟಿಗೆ ವಸೂಲಿ ಮಾಡಬಹುದು. ಅದನ್ನು ಮೀರಿ ಹೆಂಡತಿ ಮಕ್ಕಳು ಕೈಯಿಂದ ಕಟ್ಟಬೇಕಾಗಿಲ್ಲ. ಕುಟುಂಬ ಪಿಂಚಣಿ ಮೃತರ ಆಸ್ತಿಯಲ್ಲ, ಅದು ಹೆಂಡತಿಯದೇ ಹಕ್ಕು. "ಅಮ್ಮ, ಪೆನ್ಷನ್ ಬಂತಲ್ಲ, ಅದರಲ್ಲಿ ಕಟ್ಟಿ" ಅಂತ ವಸೂಲಿಯವನು ಹೇಳಿದರೆ ಅವನ ಮಾತಿಗೆ ಕಾನೂನಿನ ಬಲ ಇಲ್ಲ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಅವನು ಫೋನ್ ಮಾಡುವ ಹಾಗೂ ಇಲ್ಲ.

ಮಕ್ಕಳ ಕಡೆಯಿಂದ ಬರುವ ಆಡ್ ಆನ್ ಕಾರ್ಡ್ ಬೇರೆ ಲೆಕ್ಕ. ಬೆಂಗಳೂರಿನ ಮಗ ತನ್ನ ಕಾರ್ಡಿನ ಮೇಲೆ ಅಪ್ಪನಿಗೆ ಒಂದು ಮಾಡಿಸಿಕೊಟ್ಟರೆ ಹೊಣೆ ಮಗನದು. ತೆಗೆದುಕೊಳ್ಳಲು ಅಡ್ಡಿಯಿಲ್ಲ. ಸಕ್ಕರೆ ಕಾಯಿಲೆಯ ಅಪ್ಪ ಸಯ್ಯಾಜಿರಾವ್ ರಸ್ತೆಯಲ್ಲಿ ಮೈಸೂರು ಪಾಕ್ ಕಟ್ಟಿಸಿಕೊಂಡ ಸಂದೇಶ ಅರೆಕ್ಷಣದಲ್ಲಿ ಮಗನ ಫೋನಿಗೆ ಹೋಗುತ್ತದೆ, ಅದಕ್ಕೆ ಮಾತ್ರ ತಯಾರಿರಬೇಕು. ಉಲ್ಟಾ ದಿಕ್ಕಿನಲ್ಲಿ ಮಾತ್ರ ಬೇಡ. ನಿಮ್ಮ ಕಾರ್ಡಿನ ಮೇಲೆ ಮಗನಿಗೆ, ಅಳಿಯನಿಗೆ ಆಡ್ ಆನ್ ಕೊಟ್ಟರೆ ಅವರ ಖರ್ಚೆಲ್ಲ ನಿಮ್ಮ ಪಿಂಚಣಿಯ ಮೇಲೆ. ಜೊತೆಗೆ ಒಂದು ಹಣಕಾಸು ವರ್ಷದಲ್ಲಿ ಕಾರ್ಡ್ ಬಿಲ್ಲಿಗೆ ಕಟ್ಟಿದ್ದು 10 ಲಕ್ಷ ಮುಟ್ಟಿದರೆ, ಅಥವಾ ನಗದಾಗಿ ಕಟ್ಟಿದ್ದು ಒಂದು ಲಕ್ಷ ಮುಟ್ಟಿದರೆ, ಆದಾಯ ತೆರಿಗೆ ಇಲಾಖೆಗೆ ವರದಿ ಹೋಗುತ್ತದೆ. ಅಳಿಯನ ಅಂಗಡಿ ಸರಕಿನ ಲೆಕ್ಕವನ್ನು ನಿವೃತ್ತ ಮೇಷ್ಟ್ರು ವಿವರಿಸಬೇಕಾಗಿ ಬಂದರೆ ಕಷ್ಟ.

ಕೊನೆಯ ಪ್ರಶ್ನೆ ಎಂಬತ್ತು ದಾಟಿದ ಹಿರಿಯರೊಬ್ಬರದು: "ನನಗೆ ಹಳೇ ಕಾರ್ಡ್ ಒಂದಿದೆ, ಉಪಯೋಗಿಸೋದೇ ಇಲ್ಲ. ಇಟ್ಟುಕೊಳ್ಳಲೋ, ಬಿಡಲೋ?" ಮಗ ಸೊಸೆ ಜೊತೆಯಲ್ಲೇ ಇದ್ದಾರೆ, ಆಸ್ಪತ್ರೆಗೆ ಓಡುವವರು ಅವರೇ ಅಂದರೆ ನಿಮಗೆ ಕಾರ್ಡ್ ಬೇಡ, ಮುಚ್ಚಿಸಿ. ಮೊದಲು ಬಾಕಿ ಸೊನ್ನೆ ಮಾಡಿ. ತಾನಾಗಿ ಕಡಿತವಾಗುವ ಕೇಬಲ್ಲು, ಪತ್ರಿಕೆ ಚಂದಾ ಏನಾದರೂ ಇದ್ದರೆ ನಿಲ್ಲಿಸಿ. ಪಾಯಿಂಟ್ ಉಳಿದಿದ್ದರೆ ಬಳಸಿಬಿಡಿ. ಆಮೇಲೆ ಇಮೇಲ್‌ನಲ್ಲೋ ಕಾರ್ಡ್ ಕಂಪನಿಯ ವೆಬ್‌ಸೈಟಿನಲ್ಲೋ ಲಿಖಿತ ಕೋರಿಕೆ ಕೊಡಿ; ಬರೀ ಫೋನಿನಲ್ಲಿ ಹೇಳಿದರೆ "ಇನ್ನೊಂದು ವರ್ಷ ಫ್ರೀ ಮಾಡ್ತೀವಿ ಸಾರ್" ಅಂತ ಹಿಡಿದುಕೊಳ್ಳುತ್ತಾರೆ. ಬಾಕಿ ಇಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ಮುಚ್ಚದಿದ್ದರೆ ತಡವಾದ ಪ್ರತಿ ದಿನಕ್ಕೂ 500 ರೂಪಾಯಿ ನಿಮಗೆ ಕೊಡಬೇಕು. ಕೊಡಲಿಲ್ಲ, ದೂರಿಗೆ 30 ದಿನವಾದರೂ ಉತ್ತರವಿಲ್ಲ ಅಂದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ, ಅದಕ್ಕೆ ಖರ್ಚಿಲ್ಲ; ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು. ಎರಡು ತಿಂಗಳು ಬಿಟ್ಟು ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಸಿಬಿಲ್ ವರದಿಯನ್ನು ಮೊಮ್ಮಗನ ಕೈಲಿ ತೆಗೆಸಿ, ಆ ಕಾರ್ಡಿನ ಮುಂದೆ ಮುಚ್ಚಲಾಗಿದೆ ಅಂತ ಬಂದಿದೆಯೇ ನೋಡಿ. ಬಂದಿದ್ದರೆ ಕತ್ತರಿ ತೆಗೆದುಕೊಂಡು ಚಿಪ್ಪಿನ ನಡುವೆ ಸರಿಯಾಗಿ ಎರಡು ತುಂಡು ಮಾಡಿ.